ಪಾದ್ರಿಗಳ ಲೆಕ್ಕ, ನನ್ನ ಲೆಕ್ಕ

ಊರಿಗೆ ಹೋದಾಗಲೆಲ್ಲ ಚಿಕ್ಕಪ್ಪ ಜೀವವಿಮೆಯ ಅರ್ಜಿ ಮುಂದಿಡುತ್ತಾರೆ. ಅವರು ಏಜೆಂಟರು. 20 ವರ್ಷ ಕಂತು ಕಟ್ಟಿದರೆ ಬೋನಸ್ ಸಮೇತ ಹಣ ಕೈಗೆ ಬರುವ ಪಾಲಿಸಿ. "ವಯಸ್ಸಿದ್ದಾಗ್ಲೇ ಮಾಡಿಸ್ಬೇಕು ಕಣೋ, ಆಮೇಲೆ ಕಂತು ಜಾಸ್ತಿ ಆಗುತ್ತೆ" ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ನನಗೆ ವಿಮೆ ಬೇಕೇ ಎಂಬ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ಚರಿತ್ರೆಯ ಸಂಶೋಧನಾ ವಿದ್ಯಾರ್ಥಿಯಾದ ನಾನು ಉತ್ತರ ಹುಡುಕಿದ್ದು ನನಗೆ ಗೊತ್ತಿರುವ ಕಡೆಯೇ.

18ನೆಯ ಶತಮಾನದ ಸ್ಕಾಟ್ಲೆಂಡಿನ ಪಾದ್ರಿಗಳು ಸಂಸಾರಸ್ಥರು. ಪಾದ್ರಿ ತೀರಿಕೊಂಡರೆ ಹೆಂಡತಿ ಮಕ್ಕಳಿಗೆ ಸಿಗುತ್ತಿದ್ದುದು ಅರ್ಧ ವರ್ಷದ ಸಂಬಳ ಮಾತ್ರ. ಆಮೇಲೆ ಬಡತನವೇ. ಇದನ್ನು ಕಂಡ ರಾಬರ್ಟ್ ವ್ಯಾಲೇಸ್, ಅಲೆಕ್ಸಾಂಡರ್ ವೆಬ್‌ಸ್ಟರ್ ಎಂಬ ಇಬ್ಬರು ಪಾದ್ರಿಗಳು ದೇಣಿಗೆ ಎತ್ತಲು ಹೊರಡಲಿಲ್ಲ, ಲೆಕ್ಕಕ್ಕೆ ಕೂತರು. ಗಣಿತಜ್ಞ ಕಾಲಿನ್ ಮೆಕ್ಲಾರಿನ್ ನೆರವಾದರು. ಯಾವುದೇ ಹೊತ್ತಿನಲ್ಲಿ ಸುಮಾರು 930 ಪಾದ್ರಿಗಳು ಬದುಕಿರುತ್ತಾರೆ, ವರ್ಷಕ್ಕೆ ಸರಾಸರಿ 27 ಮಂದಿ ಸಾಯುತ್ತಾರೆ, ಅವರಲ್ಲಿ 18 ಮಂದಿ ವಿಧವೆಯರನ್ನು ಬಿಟ್ಟುಹೋಗುತ್ತಾರೆ. 1744ರಲ್ಲಿ ನಿಧಿ ಶುರುವಾಯಿತು. ವರ್ಷಕ್ಕೆ 2 ಪೌಂಡ್ 12 ಶಿಲಿಂಗ್ 6 ಪೆನ್ಸ್ ಕಟ್ಟಿದವನ ವಿಧವೆಗೆ ವರ್ಷಕ್ಕೆ 10 ಪೌಂಡ್. 1765ರ ಹೊತ್ತಿಗೆ ನಿಧಿಯಲ್ಲಿ 58,348 ಪೌಂಡ್ ಇರಬೇಕೆಂದು ಅವರು ಅಂದಾಜು ಮಾಡಿದ್ದರು. ಇದ್ದದ್ದು ಒಂದೇ ಒಂದು ಪೌಂಡ್ ಕಡಿಮೆ.

ಎಲ್ಲರೂ ಬೆರಗಾಗುವುದು ಆ ಒಂದು ಪೌಂಡಿಗೆ. ನನ್ನನ್ನು ಹಿಡಿದು ನಿಲ್ಲಿಸಿದ್ದು 27 ಮತ್ತು 18ರ ನಡುವಿನ ಅಂತರ. ಎಷ್ಟು ಜನ ಸಾಯುತ್ತಾರೆ ಎಂದು ತಿಳಿದರೆ ಅವರಿಗೆ ಸಾಕಾಗಲಿಲ್ಲ. ಸತ್ತವನ ಹಿಂದೆ ಯಾರು ಉಳಿಯುತ್ತಾರೆ ಎಂಬುದನ್ನೂ ಎಣಿಸಿದರು.

ಅದೇ ಕಾಲದ ಲಂಡನ್ನಿನಲ್ಲಿ ತಮಗೆ ಸಂಬಂಧವೇ ಇಲ್ಲದ ಗಣ್ಯರ ಜೀವದ ಮೇಲೂ ಜನ ಪಾಲಿಸಿ ಮಾಡಿಸುತ್ತಿದ್ದರು. ಕುದುರೆ ಜೂಜಿನ ಹಾಗೆ. 1774ರಲ್ಲಿ ಬ್ರಿಟಿಷ್ ಸಂಸತ್ತು ಕಾಯಿದೆ ತಂದು, ಯಾರ ಸಾವಿನಿಂದ ನಮಗೆ ನಷ್ಟವಿಲ್ಲವೋ ಅವರ ಜೀವಕ್ಕೆ ವಿಮೆ ಮಾಡಿಸುವಂತಿಲ್ಲ ಎಂದಿತು.

ನಮ್ಮಲ್ಲಿ ಮೈಸೂರು ಸರ್ಕಾರ 1891ರಲ್ಲೇ, ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, ನೌಕರರಿಗಾಗಿ ವಿಮಾ ಇಲಾಖೆ ತೆರೆಯಿತು. ಇಂದಿನ ಕೆಜಿಐಡಿ ಅದೇ. ಶಾಲಾ ಮೇಷ್ಟ್ರಾಗಿದ್ದ ಅಪ್ಪನ ಸಂಬಳದಲ್ಲಿ ತಿಂಗಳು ತಿಂಗಳೂ ಅದರ ಕಂತು ಮುರಿಯುತ್ತಿತ್ತು. ವಿಮೆ ಬೇಕೋ ಬೇಡವೋ ಎಂದು ಅವರನ್ನು ಯಾರೂ ಕೇಳಲಿಲ್ಲ. ನನ್ನ ಫೆಲೋಶಿಪ್ಪಿಗೆ ಅಂಥ ಕಡಿತವಿಲ್ಲ, ಯೋಚನೆ ಮಾತ್ರ ಇದೆ.

ಹಾಗಾದರೆ ನನ್ನ ಹಿಂದೆ ಯಾರು? ಮದುವೆಯಾಗಿಲ್ಲ. ಅಪ್ಪ ಅಮ್ಮನ ಊಟ ಔಷಧಿಗೆ ಪಿಂಚಣಿ ಸಾಕು. ವಿಮೆ ಬೇಡ ಎಂದೇ ತೀರ್ಮಾನಿಸಿದ್ದೆ. ಆಗ ತಂಗಿಯ ನರ್ಸಿಂಗ್ ಓದಿನ ಸಾಲ ನೆನಪಾಯಿತು. ಪತ್ರದಲ್ಲಿ ಅಪ್ಪನ ಸಹಿ ಇದೆ, ಕಂತು ಕಟ್ಟುತ್ತಿರುವವನು ನಾನು. ನಾನಿಲ್ಲದಿದ್ದರೆ ಅದು ಬಂದು ಕೂರುವುದು ಪಿಂಚಣಿಯ ಮೇಲೆ. ತಂಗಿಗಿನ್ನೂ ಕೆಲಸವಿಲ್ಲ.

ಚಿಕ್ಕಪ್ಪನಿಗೆ ಹೇಳಿದೆ: ಸಾಲ ತೀರುವವರೆಗೆ, ಸಾಲದಷ್ಟೇ ಮೊತ್ತಕ್ಕೆ, ಒಂದು ಟರ್ಮ್ ಪಾಲಿಸಿ ಸಾಕು. ಬದುಕಿದರೆ ಹಣ ವಾಪಸ್ ಬರದಿದ್ದರೂ ಚಿಂತೆಯಿಲ್ಲ.

"ಇದರಲ್ಲಿ ನನಗೇನೂ ಗಿಟ್ಟಲ್ಲ" ಎಂದು ನಕ್ಕರು. ಅರ್ಜಿ ತುಂಬಿಸಿಕೊಂಡು ಎದ್ದು ಹೊರಟವರು ಬಾಗಿಲಲ್ಲಿ ನಿಂತು, "ಮದುವೆ ಆದ್ಮೇಲೆ ಇನ್ನೊಂದ್ಸಲ ಬರ್ತೀನಿ" ಎಂದರು.