ಕೊಬ್ಬು ‘ಕರಗುವುದು’ ಎಂದರೇನು?

ಬೊಜ್ಜಿನ ಮಾತು ಬಂದಾಗಲೆಲ್ಲ ನಾವು ಬಳಸುವ ಪದ ‘ಕರಗಿಸುವುದು’. ಬಾಣಲೆಯಲ್ಲಿಟ್ಟ ಬೆಣ್ಣೆಯಂತೆ ಹೊಟ್ಟೆಯ ಕೊಬ್ಬೂ ಬಿಸಿಗೆ ಕರಗಿ, ಬೆವರಿನ ಜೊತೆ ಹರಿದುಹೋಗುತ್ತದೆ ಎಂಬ ಕಲ್ಪನೆ ಈ ಪದದ ಹಿಂದೆ ಇದೆ. ಬೆವರಿಳಿಸುವ ಸೊಂಟದ ಬೆಲ್ಟು, ಬೆಳಗಿನ ಬಿಸಿನೀರು, ನಿಂಬೆರಸ–ಜೇನುತುಪ್ಪ ಇವೆಲ್ಲ ಇಷ್ಟು ಜನಪ್ರಿಯವಾಗಿರುವುದಕ್ಕೆ ಈ ಕಲ್ಪನೆಯೂ ಒಂದು ಕಾರಣ. ಆದರೆ ನಮ್ಮ ದೇಹದಲ್ಲಿ ಕೊಬ್ಬು ಕರಗುವುದಿಲ್ಲ, ಇಂಧನದಂತೆ ಬಳಕೆಯಾಗುತ್ತದೆ. ಇದು ಅರ್ಥವಾದರೆ ಯಾವ ಉಪಾಯದಿಂದ ಪ್ರಯೋಜನವಿದೆ, ಯಾವುದರಿಂದ ಇಲ್ಲ ಎನ್ನುವುದೂ ಸುಲಭವಾಗಿ ತಿಳಿಯುತ್ತದೆ.

ಕೊಬ್ಬು ಹೊರಹೋಗುವ ದಾರಿ

ಊಟದಿಂದ ಬರುವ ಶಕ್ತಿ ಖರ್ಚಿಗಿಂತ ಕಡಿಮೆಯಾದಾಗ ದೇಹ ತನ್ನ ಉಳಿತಾಯಕ್ಕೆ ಕೈಹಾಕುತ್ತದೆ. ಕೊಬ್ಬಿನ ಕೋಶಗಳಲ್ಲಿರುವ ಕೊಬ್ಬು ಒಡೆದು, ರಕ್ತದ ಮೂಲಕ ಸ್ನಾಯು ಮತ್ತಿತರ ಅಂಗಗಳನ್ನು ಸೇರುತ್ತದೆ. ಅಲ್ಲಿ ಅದು ಆಮ್ಲಜನಕದೊಡನೆ ವರ್ತಿಸಿ ಶಕ್ತಿ ಕೊಡುತ್ತದೆ. ಕೊನೆಗೆ ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು.

ಆಸ್ಟ್ರೇಲಿಯಾದ ರೂಬೆನ್ ಮೀರ್‌ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಇದರ ಲೆಕ್ಕವನ್ನು ಪ್ರಕಟಿಸಿದರು. 10 ಕಿಲೋ ಕೊಬ್ಬು ಪೂರ್ತಿ ಬಳಕೆಯಾದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಹಾಗೆಂದು ಜೋರಾಗಿ ಉಸಿರಾಡಿದರೆ ಸಣ್ಣಗಾಗುವುದಿಲ್ಲ, ತಲೆ ಸುತ್ತುತ್ತದೆ ಅಷ್ಟೆ. ದೇಹಕ್ಕೆ ಶಕ್ತಿಯ ಅಗತ್ಯ ಬಿದ್ದಾಗ ಮಾತ್ರ ಕೊಬ್ಬು ಖರ್ಚಾಗುತ್ತದೆ.

ಬೆವರು, ಬೆಲ್ಟು, ಜೇನುತುಪ್ಪ

ಬೆವರು ಎಂದರೆ ಬಹುಪಾಲು ನೀರು, ಜೊತೆಗೆ ಸ್ವಲ್ಪ ಉಪ್ಪು. ಬೆಲ್ಟು ಕಟ್ಟಿಕೊಂಡು ಬೆವರಿಳಿಸಿದಾಗ ಕಡಿಮೆಯಾಗುವ ತೂಕ ಎರಡು ಲೋಟ ನೀರು ಕುಡಿದರೆ ಮರಳುತ್ತದೆ.

ಹೊಟ್ಟೆಗೆ ಮಾತ್ರ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬು ಮಾತ್ರ ಇಳಿಯುತ್ತದೆ ಎನ್ನುವುದಕ್ಕೂ ಗಟ್ಟಿ ಆಧಾರವಿಲ್ಲ. ಟೆನಿಸ್ ಆಟಗಾರರ ಒಂದು ಕೈ ಇನ್ನೊಂದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ದುಡಿಯುತ್ತದೆ. 1971ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವರ ಎರಡೂ ಕೈಗಳನ್ನು ಅಳೆದು ನೋಡಿತು. ಚರ್ಮದ ಕೆಳಗಿನ ಕೊಬ್ಬಿನ ದಪ್ಪದಲ್ಲಿ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಯಾವ ಭಾಗದ ಕೊಬ್ಬು ಮೊದಲು ಇಳಿಯಬೇಕು ಎನ್ನುವುದು ನಮ್ಮ ಆಯ್ಕೆಗೆ ಬಿಟ್ಟದ್ದಲ್ಲ.

ಇನ್ನು ಜೇನುತುಪ್ಪ. ಒಂದು ದೊಡ್ಡ ಚಮಚದಲ್ಲಿ ಸುಮಾರು 60 ಕಿಲೋಕ್ಯಾಲೊರಿ ಇರುತ್ತದೆ. ಸಕ್ಕರೆ ಹಾಕಿದ ಕಾಫಿಯ ಬದಲು ಕುಡಿದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗಬಹುದು. ಕಾಫಿಯ ಜೊತೆಗೆ ಇದನ್ನೂ ಕುಡಿದರೆ ಶಕ್ತಿ ಸೇರಿತೇ ಹೊರತು ಕೊಬ್ಬು ಇಳಿಯಲಿಲ್ಲ.

ತೂಕ ಇಳಿದರೆ ಕೊಬ್ಬೇ ಇಳಿದಂತೆಯೇ?

ಊಟ ಬಿಟ್ಟ ಮೊದಲ ವಾರದಲ್ಲೇ ಎರಡು–ಮೂರು ಕಿಲೋ ಇಳಿದವರಿದ್ದಾರೆ. ಅದರಲ್ಲಿ ಹೆಚ್ಚಿನ ಪಾಲು ನೀರು. ಯಕೃತ್ತು ಮತ್ತು ಸ್ನಾಯುಗಳು ಗ್ಲೈಕೋಜನ್ ಎಂಬ ಪಿಷ್ಟವನ್ನು ನೀರಿನ ಜೊತೆ ಸಂಗ್ರಹಿಸಿಟ್ಟಿರುತ್ತವೆ. ಅದು ಖರ್ಚಾದಾಗ ನೀರೂ ಹೊರಟುಹೋಗುತ್ತದೆ. ಉಪವಾಸ ಮುಂದುವರಿದರೆ ಕೊಬ್ಬಿನ ಜೊತೆ ಸ್ನಾಯುವೂ ಸವೆಯುತ್ತದೆ.

ನಮ್ಮ ದೇಶದವರಿಗೆ ಇದು ಇನ್ನೂ ಮುಖ್ಯ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮನ್ನೇ ಉದಾಹರಣೆಯಾಗಿ ತೋರಿಸಿದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1 ಇದ್ದರೆ ಯಾಜ್ಞಿಕ್ ದೇಹದಲ್ಲಿ ಶೇ 21.2 ಇತ್ತು. ಒಂದೇ ಬಿಎಂಐ ಇದ್ದರೂ ಭಾರತೀಯರಲ್ಲಿ ಸಾಮಾನ್ಯವಾಗಿ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಹಾಗಾಗಿ ತೂಕದ ಯಂತ್ರದ ಜೊತೆ ಟೇಪನ್ನೂ ಬಳಸಿ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದ್ದರೆ ಎಚ್ಚರ ವಹಿಸಬೇಕು.

ತಟ್ಟೆಯಲ್ಲಿ ಏನು ಬದಲಾಗಬೇಕು?

ಒಂದು ಕಿಲೋ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಇರುತ್ತದೆ. ದಿನಕ್ಕೆ 500 ಕಡಿಮೆ ಮಾಡಿದರೆ ವಾರಕ್ಕೆ ಅರ್ಧ ಕಿಲೋ ಇಳಿಯಬೇಕು. ತೂಕ ಇಳಿದಂತೆ ದೇಹದ ಖರ್ಚೂ ತಗ್ಗುವುದರಿಂದ ವೇಗ ಕ್ರಮೇಣ ಕಡಿಮೆಯಾಗುತ್ತದೆ. ಅದು ಸೋಲಲ್ಲ, ಸಹಜ.

‘ಅನ್ನ ಬಿಡಿ, ಮುದ್ದೆ ತಿನ್ನಿ’ ಎಂಬ ಸಲಹೆಯನ್ನೂ ಸ್ವಲ್ಪ ಪರೀಕ್ಷಿಸೋಣ. 100 ಗ್ರಾಂ ಅಕ್ಕಿಯಲ್ಲಾಗಲಿ, ರಾಗಿ ಅಥವಾ ಗೋಧಿ ಹಿಟ್ಟಿನಲ್ಲಾಗಲಿ ಇರುವ ಶಕ್ತಿ ಸುಮಾರು 320ರಿಂದ 360 ಕಿಲೋಕ್ಯಾಲೊರಿ. ರಾಗಿಯಲ್ಲಿ ನಾರು ಹೆಚ್ಚು, ಅದು ಒಳ್ಳೆಯದೇ. ಆದರೆ ಮುದ್ದೆಯ ಗಾತ್ರ ದೊಡ್ಡದಾದರೆ ಲಾಭ ಅಲ್ಲಿಗೇ ಮುಗಿಯಿತು. ನಮ್ಮ ಊಟದಲ್ಲಿ ಶಕ್ತಿಯ ಶೇ 50ರಿಂದ 70ರಷ್ಟು ಧಾನ್ಯಗಳಿಂದಲೇ ಬರುತ್ತದೆ. ಇದು ಶೇ 45 ಮೀರಬಾರದು ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ.

ಹಾಗಾದರೆ ಮಾಡಬೇಕಾದದ್ದೇನು? ಅನ್ನ ಅಥವಾ ಮುದ್ದೆ ಸ್ವಲ್ಪ ಕಡಿಮೆ ಮಾಡಿ ಆ ಜಾಗವನ್ನು ಪಲ್ಯ, ಸೊಪ್ಪಿನ ಸಾರು, ಕೋಸಂಬರಿಗಳಿಗೆ ಕೊಡಿ. ಬೇಳೆ, ಹುರುಳಿಕಾಳು, ಮೊಸರು, ಮೊಟ್ಟೆ ಅಥವಾ ಮೀನು ಪ್ರತಿ ಊಟದಲ್ಲೂ ಸ್ವಲ್ಪ ಇರಲಿ. ಪ್ರೋಟೀನ್ ಇದ್ದರೆ ಹೊಟ್ಟೆ ತುಂಬಿದ ಭಾವನೆ ಹೆಚ್ಚು ಹೊತ್ತು ಇರುತ್ತದೆ, ಸ್ನಾಯುವಿನ ಸವೆತವೂ ಕಡಿಮೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕಿಲೋಕ್ಯಾಲೊರಿ ಇರುವುದರಿಂದ ಒಗ್ಗರಣೆಗೂ ಅಳತೆ ಬೇಕು.

ನಡಿಗೆಯಷ್ಟೇ ಸಾಕೇ?

ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವ ಶಕ್ತಿ ಹೆಚ್ಚುಕಡಿಮೆ ಆ ಒಂದು ಚಮಚ ಎಣ್ಣೆಯಷ್ಟೇ. ಹಾಗಾಗಿ ವ್ಯಾಯಾಮವೊಂದರಿಂದಲೇ ಬೊಜ್ಜು ಇಳಿಸುವುದು ಕಷ್ಟ. ಆದರೆ ಇಳಿಸಿದ್ದನ್ನು ಉಳಿಸಿಕೊಳ್ಳಲು, ರಕ್ತದ ಸಕ್ಕರೆ ಮತ್ತು ಒತ್ತಡ ಹತೋಟಿಯಲ್ಲಿಡಲು ಅದು ಬೇಕೇ ಬೇಕು. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ಚಟುವಟಿಕೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ – ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಸ್ಕಿ ಹೊಡೆಯುವುದಕ್ಕೆ ಜಿಮ್ಮೇ ಬೇಕೆಂದಿಲ್ಲ.

ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಹೃದ್ರೋಗ ಇರುವವರು ಊಟ ಬದಲಿಸುವ ಮೊದಲು ವೈದ್ಯರನ್ನು ಕೇಳಬೇಕು. ಉಳಿದವರಿಗೂ ಗುರಿ ದೊಡ್ಡದಾಗಬೇಕಿಲ್ಲ. 80 ಕಿಲೋ ತೂಗುವವರು 4 ಕಿಲೋ ಇಳಿಸಿದರೂ, ಅಂದರೆ ಶೇ 5ರಷ್ಟು, ಸಕ್ಕರೆ ಮತ್ತು ರಕ್ತದೊತ್ತಡದಲ್ಲಿ ಸುಧಾರಣೆ ಕಾಣಬಹುದು. ಯಾವುದೇ ಪಥ್ಯ ಶುರುಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಮುಂದಿನ ವರ್ಷವೂ ನಾನು ಹೀಗೇ ಉಣ್ಣಬಲ್ಲೆನೇ? ಉತ್ತರ ‘ಇಲ್ಲ’ ಎಂದಾದರೆ, ಆ ಪಥ್ಯದಿಂದ ಇಳಿದ ಕೊಬ್ಬು ಮರಳಿ ಬರುವ ಸಾಧ್ಯತೆಯೇ ಹೆಚ್ಚು.