ಪರೋಕ್ಷ ವಂದನೆ: ಅಂದು ಮತ್ತು ಇಂದು

2020ರ ಮಾರ್ಚ್‌ನಲ್ಲಿ ಕೊರೊನಾ ವ್ಯಾಧಿಯ ನಿಮಿತ್ತ ಬಸದಿಗಳ ಬಾಗಿಲು ಮುಚ್ಚಿದಾಗ, ಅನೇಕ ಶ್ರಾವಕ ಕುಟುಂಬಗಳು ಮೊಬೈಲಿನ ಪರದೆಯ ಮೇಲೆಯೇ ಜಿನಾಭಿಷೇಕವನ್ನು ಕಂಡು ಕೈಮುಗಿದವು. ಮನೆಯಲ್ಲಿ ಕುಳಿತು ಮಾಡಿದ ಈ ದರ್ಶನವು ತೀರ್ಥವಂದನೆಯಾದೀತೇ? ಬಾಗಿಲುಗಳು ಮತ್ತೆ ತೆರೆದರೂ ಈ ಪ್ರಶ್ನೆ ಉಳಿದೇ ಇದೆ.

ದೂರದಿಂದ ವಂದಿಸುವುದು ನಮ್ಮ ಪರಂಪರೆಗೆ ಹೊಸತಲ್ಲ. ಎಂಟನೆಯದಾದ ನಂದೀಶ್ವರ ದ್ವೀಪದಲ್ಲಿ 52 ಅಕೃತ್ರಿಮ ಜಿನಾಲಯಗಳಿವೆಯೆಂದು ಆಗಮಗಳು ಹೇಳುತ್ತವೆ. ಮಾನುಷೋತ್ತರ ಪರ್ವತವನ್ನು ದಾಟಲಾರದ ಮನುಷ್ಯರಿಗೆ ಅಲ್ಲಿನ ಪ್ರತ್ಯಕ್ಷ ದರ್ಶನ ಅಸಾಧ್ಯ. ಆದರೂ ಆಷಾಢ, ಕಾರ್ತಿಕ ಮತ್ತು ಫಾಲ್ಗುಣ ಮಾಸಗಳ ಅಷ್ಟಾಹ್ನಿಕ ಪರ್ವದಲ್ಲಿ ನಾವು ಅವುಗಳನ್ನು ಭಾವದಿಂದ ಪೂಜಿಸುತ್ತೇವೆ. ಸಮ್ಮೇದಗಿರಿಯಲ್ಲಿ 20 ತೀರ್ಥಂಕರರು, ಊರ್ಜಯಂತದಲ್ಲಿ ನೇಮಿನಾಥರು, ಪಾವಾಪುರಿಯಲ್ಲಿ ಮಹಾವೀರರು ಮುಕ್ತರಾದುದನ್ನು ಸ್ಮರಿಸುವ ಪ್ರಾಕೃತದ ನಿರ್ವಾಣಕಾಂಡವೂ ಒಂದು ಯಾತ್ರೆಯೇ. ಶತ್ರುಂಜಯದಲ್ಲಿ ಚಾತುರ್ಮಾಸ ಮುಗಿದು ಯಾತ್ರೆ ಪುನರಾರಂಭವಾಗುವ ಕಾರ್ತಿಕ ಪೂರ್ಣಿಮೆಯಂದು, ಅಲ್ಲಿಗೆ ಹೋಗಲಾರದ ಶ್ವೇತಾಂಬರ ಬಂಧುಗಳು ಬಟ್ಟೆಯ ಮೇಲೆ ಚಿತ್ರಿಸಿದ ಆ ಗಿರಿಯ ಪಟಕ್ಕೆ ತಮ್ಮೂರಿನಲ್ಲೇ ವಂದಿಸುತ್ತಾರೆ.

ಹಾಗಾದರೆ ಪಟಕ್ಕೂ ಪರದೆಗೂ ಭೇದವೇನು? ಭೇದವು ವಸ್ತುವಿನಲ್ಲಿಲ್ಲ, ವಂದಿಸುವವರ ಪರಿಣಾಮದಲ್ಲಿದೆ. ಪಟದ ಮುಂದೆ ನಿಂತವರು ಮನಸ್ಸಿನಲ್ಲಿ ಒಂದೊಂದೇ ಮೆಟ್ಟಿಲನ್ನು ತಾವೇ ಏರಬೇಕು. ಸ್ತೋತ್ರವನ್ನು ತಾವೇ ಪಠಿಸಬೇಕು. ಪರದೆಯಾದರೋ ಎಲ್ಲವನ್ನೂ ತಾನೇ ತೋರಿಸಿ, ನೋಡುವವರಿಂದ ಏನನ್ನೂ ಬೇಡುವುದಿಲ್ಲ. ಪೂಜೆಯ ನಡುವೆ ಕರೆ ಬಂದರೆ ಮಾತನಾಡುತ್ತೇವೆ. ಉಣ್ಣುತ್ತಲೇ ಅಭಿಷೇಕ ನೋಡುತ್ತೇವೆ. ಅಲ್ಲಿ ದೃಶ್ಯವಿದೆ, ತ್ಯಾಗವಿಲ್ಲ.

2018ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನು ಅಸಂಖ್ಯ ಜನರು ದೂರದರ್ಶನದಲ್ಲಿ ಕಂಡರು. ಹಾಸಿಗೆ ಹಿಡಿದ ವೃದ್ಧರಿಗೆ, ಪರದೇಶದಲ್ಲಿರುವವರಿಗೆ ಅದು ನಿಜವಾದ ಉಪಕಾರ. ಆದರೆ ಬರಿಗಾಲಲ್ಲಿ ವಿಂಧ್ಯಗಿರಿಯನ್ನೇರುವವರು ಕಾಲಡಿಯ ಇರುವೆಯನ್ನು ನೋಡಿ ಹೆಜ್ಜೆಯಿಡುತ್ತಾರೆ, ಬಳಲಿದವರಿಗೆ ಕೈನೀಡುತ್ತಾರೆ. ಅಹಿಂಸೆಯ ಈ ಅಭ್ಯಾಸವನ್ನು ಯಾವ ಯಂತ್ರವೂ ನಮ್ಮ ಪರವಾಗಿ ಮಾಡಲಾರದು.

ಆದುದರಿಂದ ಬಸದಿಗಳ ಆಡಳಿತ ಮಂಡಳಿಗಳು ನೇರಪ್ರಸಾರವನ್ನು ಅಶಕ್ತರ ಸೇವೆಯೆಂದು ಭಾವಿಸಿ ನಡೆಸಲಿ. ಅದು ಕಾಣಿಕೆ ಸಂಗ್ರಹದ ಸಾಧನ ಮಾತ್ರವಾಗದಿರಲಿ. ಪರದೆಯ ಮುಂದೆ ಕುಳಿತುಕೊಳ್ಳುವವರು ಸ್ನಾನ ಮಾಡಿ, ಕಾಲವನ್ನು ನಿಯಮಿಸಿ, ಒಂದು ಸಣ್ಣ ವ್ರತವನ್ನಾದರೂ ಸ್ವೀಕರಿಸಲಿ. ನಡೆಯಬಲ್ಲವರು ಮಾತ್ರ ತಮ್ಮೂರಿನ ಬಸದಿಗೆ ನಡೆದೇ ಹೋಗಲಿ. ಹೋಗಲಾಗದವರಿಗಾಗಿ ಹುಟ್ಟಿದ ಪರೋಕ್ಷ ವಂದನೆಯು ಹೋಗಲೊಲ್ಲದವರ ನೆಪವಾಗಬಾರದು.