ಬಿಸಿಯೂ ಉಸಿರೂ

ನಮ್ಮ ನಾಡಿನಲ್ಲಿ ಮೋಟಾರು ಗಾಡಿ ಹತ್ತಿದವರು ಮೊದಲು ಬಯಸುವುದು ಗಾಳಿಯನ್ನು. ಕಿಟಕಿಯ ಗಾಜನ್ನು ಇಳಿಸಿ, ಬೀಸುವ ಗಾಳಿಗೆ ಮುಖವೊಡ್ಡಿ ಕುಳಿತರೆ ಪ್ರಯಾಣ ಹಿತವೆನಿಸುತ್ತದೆ. ಎಂಜಿನಿನ ಬಿಸಿ ಕಾಲಿಗೆ ತಗುಲಿದರೆ ಗೊಣಗುತ್ತೇವೆ. ಆದರೆ ಕೈಗವಸು ಕಳಚಿದ ಸ್ವಲ್ಪ ಹೊತ್ತಿನಲ್ಲೇ ಬೆರಳು ಮರಗಟ್ಟುವ, ಎಂಜಿನಿನ ಬಿಸಿಯೇ ಪ್ರಾಣಾಧಾರವೆನಿಸುವ ಪ್ರದೇಶಗಳೂ ಈ ಭೂಮಿಯ ಮೇಲೆ ಉಂಟು. ದಕ್ಷಿಣ ಧ್ರುವಖಂಡದ ಒಳನಾಡಿನಲ್ಲಿ, ಆಗ ಸೋವಿಯತ್ ನೆಲೆಯಾಗಿದ್ದ ವಾಸ್ತೋಕ್‌ನಲ್ಲಿ, 1983ರ ಜುಲೈ 21ರಂದು ಉಷ್ಣತೆ ಸೊನ್ನೆಗಿಂತ 89.2 ಡಿಗ್ರಿ ಸೆಂಟಿಗ್ರೇಡ್ ಕೆಳಕ್ಕೆ ಇಳಿದಿತ್ತು. ಇಂಥ ಪ್ರದೇಶದಲ್ಲಿ ರಸ್ತೆಯಿಲ್ಲ, ಛತ್ರವಿಲ್ಲ, ಉರಿಸಲು ಒಂದು ಕಡ್ಡಿ ಸೌದೆಯೂ ಸಿಕ್ಕದು. ವಾರಗಟ್ಟಲೆ ಪ್ರಯಾಣ ಮಾಡುವವರಿಗೆ ತಮ್ಮ ಗಾಡಿಯೇ ಮನೆ. ಆ ಮನೆಯನ್ನು ಬೆಚ್ಚಗಿಡುವ ವಿದ್ಯೆಯನ್ನು ಮನುಷ್ಯನು ಹೇಗೆ ಕಲಿತನೆಂಬುದನ್ನು ಇಲ್ಲಿ ಸ್ವಲ್ಪ ನೋಡೋಣ.

ಮೊದಮೊದಲು ಹಿಮದ ಮೇಲೆ ಓಡಿದ ಮೋಟಾರುಗಳಿಗೆ ಕೋಣೆಯೇ ಇರಲಿಲ್ಲ. ಇಂಗ್ಲೆಂಡಿನ ಕ್ಯಾಪ್ಟನ್ ಸ್ಕಾಟ್ ದಕ್ಷಿಣ ಧ್ರುವಕ್ಕೆ ಹೊರಟಾಗ ಮೂರು ಮೋಟಾರು ಜಾರುಗಾಡಿಗಳನ್ನು ಕೊಂಡೊಯ್ದಿದ್ದನು. ಅವುಗಳಲ್ಲೊಂದು 1911ರ ಜನವರಿಯಲ್ಲಿ ಹಡಗಿನಿಂದ ಇಳಿಸುವಾಗಲೇ ಮಂಜುಗಡ್ಡೆ ಒಡೆದು ಕಡಲಿನ ಪಾಲಾಯಿತು. ಉಳಿದ ಎರಡು ಅಕ್ಟೋಬರ್ 24ರಂದು ಹೊರಟು, ಹತ್ತು ದಿನ ತುಂಬುವ ಮೊದಲೇ ಕೆಟ್ಟು ನಿಂತವು. ಕೌತುಕದ ಸಂಗತಿಯೆಂದರೆ, ಅಷ್ಟು ಚಳಿಯಲ್ಲೂ ಅವುಗಳ ಎಂಜಿನುಗಳು ಅತಿಯಾಗಿ ಕಾಯುತ್ತಿದ್ದವು. ಆಗಾಗ್ಗೆ ನಿಲ್ಲಿಸಿ ಆರಿಸಬೇಕಾಗುತ್ತಿತ್ತು. ಅದೇ ಹೊತ್ತಿನಲ್ಲಿ ಪಕ್ಕದಲ್ಲೇ ಇದ್ದ ಮನುಷ್ಯರು ಗಾಳಿಗೆ ಮೈಯೊಡ್ಡಿ ನಡುಗುತ್ತಿದ್ದರು. ಬಿಸಿ ಇತ್ತು, ಅದನ್ನು ಬೇಕಾದೆಡೆಗೆ ತರುವ ದಾರಿ ಇರಲಿಲ್ಲ. ಮುಂದಿನ ಅರ್ಧ ಶತಮಾನದ ಸಾಹಸವೆಲ್ಲ ಈ ದಾರಿಯನ್ನು ಕಂಡುಹಿಡಿಯುವುದೇ ಆಯಿತು.

ಸ್ಕಾಟನ ಗಾಡಿಗಳು ಪೆಟ್ರೋಲಿನವು. ಕಾಲಕ್ರಮದಲ್ಲಿ ಹಿಮನಾಡಿನ ಭಾರವಾದ ಗಾಡಿಗಳಿಗೆ ಡೀಸೆಲ್ ಎಂಜಿನು ಬಂದಿತು. ರುಡಾಲ್ಫ್ ಡೀಸೆಲನು ಜರ್ಮನಿಯ ಔಗ್ಸ್‌ಬರ್ಗಿನಲ್ಲಿ 1897ರಲ್ಲಿ ಓಡಿಸಿ ತೋರಿಸಿದ ಈ ಎಂಜಿನಿಗೆ ಕಿಡಿ ಬೇಡ. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ತಾನಾಗಿಯೇ ಕಾಯುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಹಾಗೆ ಕಾದ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದೊಡನೆ ಅದು ಹೊತ್ತಿಕೊಳ್ಳುತ್ತದೆ. ಕಡಮೆ ಎಣ್ಣೆಯಲ್ಲಿ ಹೆಚ್ಚು ಕೆಲಸ ಮಾಡುವುದು ಇದರ ಗುಣ. ಪ್ರತಿಯೊಂದು ಪೀಪಾಯಿ ಎಣ್ಣೆಯನ್ನೂ ನೂರಾರು ಮೈಲಿ ಎಳೆದುಕೊಂಡು ಹೋಗಬೇಕಾದ ಕಡೆ ಇದಕ್ಕಿಂತ ಮಿಗಿಲಾದ ಗುಣ ಬೇರೊಂದಿಲ್ಲ.

ಆದರೆ ಬೆಚ್ಚಗಿರಬೇಕೆನ್ನುವವನಿಗೆ ಇದೇ ಗುಣ ಅವಗುಣವಾಗುತ್ತದೆ. ಎಂಜಿನು ತಿಂದ ಎಣ್ಣೆಯಲ್ಲಿ ಕೆಲಸಕ್ಕೆ ಬಾರದೆ ಉಳಿದ ಬಿಸಿಯಿಂದಲೇ ಅಲ್ಲವೇ ನಾವು ಮೈ ಕಾಯಿಸಿಕೊಳ್ಳಬೇಕಾದುದು? ಹೆಚ್ಚು ಪಾಲು ಕೆಲಸಕ್ಕೆ ಹೋದರೆ ಮಿಕ್ಕುವುದು ಕಡಮೆ. ಮೇಲಾಗಿ, ಗಾಡಿ ನಿಂತು ಎಂಜಿನು ಸುಮ್ಮನೆ ತಿರುಗುತ್ತಿರುವಾಗಲೂ ಡೀಸೆಲ್ ಎಂಜಿನು ಹೊಟ್ಟೆ ತುಂಬ ತಣ್ಣನೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಉರಿಯುವ ಎಣ್ಣೆ ತೊಟ್ಟಿನಷ್ಟು, ಹಾದುಹೋಗುವ ಗಾಳಿ ಬೆಟ್ಟದಷ್ಟು. ಹೀಗಾಗಿ ಗಂಟೆಗಟ್ಟಲೆ ಓಡಿದರೂ ಅದರ ನೀರು ಚೆನ್ನಾಗಿ ಕಾಯುವುದೇ ಇಲ್ಲ. ರಷ್ಯದ ಲಾರಿ ಚಾಲಕರು ಚಳಿಗಾಲದಲ್ಲಿ ರೇಡಿಯೇಟರಿನ ಮುಂದೆ ಹತ್ತಿ ತುಂಬಿ ಹೊಲಿದ ಹಚ್ಚಡವನ್ನು ಕಟ್ಟುತ್ತಿದ್ದುದು ಇದಕ್ಕಾಗಿಯೇ. ಎಂಜಿನಿಗೂ ಒಂದು ಕಂಬಳಿ ಹೊದಿಸಿದಂತೆ. ಎಣ್ಣೆಯದೂ ಒಂದು ತೊಡಕುಂಟು. ಚಳಿ ಏರಿದಂತೆ ಸಾಮಾನ್ಯ ಡೀಸೆಲಿನಲ್ಲಿರುವ ಮೇಣ ಹರಳುಗಟ್ಟಿ, ಶೋಧಕದ ಕಣ್ಣುಗಳನ್ನು ಮುಚ್ಚಿಬಿಡುತ್ತದೆ. ನಮ್ಮ ಮನೆಗಳಲ್ಲಿ ಮಾಗಿಯ ಬೆಳಗ್ಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವಂತೆ. ಇದಕ್ಕಾಗಿ ಧ್ರುವಪ್ರದೇಶಕ್ಕೆಂದೇ ಬೇರೆ ಬಗೆಯ ಎಣ್ಣೆಯನ್ನು ಸಿದ್ಧಪಡಿಸಬೇಕಾಯಿತು. ಒಮ್ಮೆ ಆರಿದ ಎಂಜಿನು ಮತ್ತೆ ಹೊತ್ತುವುದೋ ಇಲ್ಲವೋ ಎಂಬ ಭಯದಿಂದ ಅದನ್ನು ರಾತ್ರಿಯಿಡೀ ನಿಲ್ಲಿಸದೆ ಬಿಡುವುದೂ ವಾಡಿಕೆಯಾಯಿತು.

ಇನ್ನು, ಇರುವ ಬಿಸಿಯನ್ನು ಒಳಕ್ಕೆ ತರುವ ಉಪಾಯಗಳು ಮೂರು. ಮೊದಲನೆಯದು, ಎಂಜಿನನ್ನು ತಂಪಾಗಿಡುವ ನೀರನ್ನೇ ಕೊಳವೆಯ ಮೂಲಕ ಒಳಗಿನ ಚಿಕ್ಕ ರೇಡಿಯೇಟರಿಗೆ ಹರಿಸಿ, ಫ್ಯಾನಿನಿಂದ ಅದರ ಮೇಲೆ ಗಾಳಿ ಬೀಸುವುದು. ಎರಡನೆಯದು, ಹೊಗೆ ಹೋಗುವ ಕೊಳವೆಯ ಸುತ್ತ ಇನ್ನೊಂದು ತಗಡಿನ ಕವಚವನ್ನು ತೊಡಿಸಿ, ಆ ನಡುವಿನಲ್ಲಿ ಕಾದ ಗಾಳಿಯನ್ನು ಒಳಕ್ಕೆ ಬಿಡುವುದು. ಮೂರನೆಯದು, ಎಂಜಿನಿನ ಗೊಡವೆಯೇ ಬೇಡವೆಂದು ಗಾಡಿಯಲ್ಲಿ ಬೇರೊಂದು ಪುಟ್ಟ ಒಲೆಯನ್ನು ಹೂಡುವುದು. ಅಮೆರಿಕದ ನ್ಯಾಶ್ ಕಂಪೆನಿಯವರು 1938ರಲ್ಲಿ ತಮ್ಮ ಕಾರುಗಳಿಗೆ ಮೊದಲ ಬಗೆಯ ಏರ್ಪಾಟನ್ನು ಅಳವಡಿಸುವಾಗ ಒಂದು ಜಾಣತನ ಮಾಡಿದರು. ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಕಾಯಿಸುವ ಬದಲು ಹೊರಗಿನ ಹೊಸ ಗಾಳಿಯನ್ನು ಸೋಸಿ, ಕಾಯಿಸಿ ಒಳಕ್ಕೆ ತಂದರು. ಇದರಲ್ಲಿ ಒಂದು ಮರ್ಮವಿದೆ. ಮುಚ್ಚಿದ ಗಾಡಿಯಲ್ಲಿ ನಾಲ್ಕು ಜನ ಉಸಿರಾಡಿದರೆ ಆ ಉಸಿರಿನ ತೇವವೇ ಗಾಜಿನ ಒಳಮೈಗೆ ಅಂಟಿ ಹಿಮವಾಗುತ್ತದೆ. ಚಾಲಕನಿಗೆ ಕಣ್ಣು ಕಟ್ಟಿದಂತಾಗುತ್ತದೆ. ಚಳಿನಾಡಿನ ಹೊರಗಾಳಿಯಲ್ಲಿ ತೇವ ಬಲು ಕಡಮೆ. ಅದನ್ನು ಕಾಯಿಸಿ ಬಿಟ್ಟರೆ ಗಾಜು ತಿಳಿಯಾಗುತ್ತದೆ, ಉಸಿರೂ ಹಗುರವಾಗುತ್ತದೆ.

ಈಗ ಒಂದು ಎಚ್ಚರಿಕೆಯ ಕಥೆ. ಅಮೆರಿಕದ ಅಡ್ಮಿರಲ್ ಬರ್ಡ್ 1934ರ ಮಾರ್ಚ್ ಕೊನೆಯಿಂದ ದಕ್ಷಿಣ ಧ್ರುವಖಂಡದ ಹಿಮದಡಿಯಲ್ಲಿ ಹೂತಿದ್ದ ಒಂದು ಪುಟ್ಟ ಗುಡಿಸಲಿನಲ್ಲಿ ಒಬ್ಬಂಟಿಗನಾಗಿ ಚಳಿಗಾಲವನ್ನು ಕಳೆಯುತ್ತಿದ್ದನು. ಒಲೆಯ ಹೊಗೆಕೊಳವೆ ಸರಿಯಾಗಿರಲಿಲ್ಲ. ಗಾಳಿಯ ಕಂಡಿಗಳಿಗೆ ಹಿಮ ಕಟ್ಟುತ್ತಿತ್ತು. ರೇಡಿಯೋಗೆ ವಿದ್ಯುತ್ತು ಕೊಡುವ ಎಂಜಿನೂ ಪಕ್ಕದ ಸುರಂಗದಲ್ಲೇ ಇತ್ತು. ಮೇ ತಿಂಗಳ ಕೊನೆಯಲ್ಲಿ ಅವನು ತಲೆ ತಿರುಗಿ ಕುಸಿದನು. ಅವನನ್ನು ಕೆಡವಿದ್ದು ಚಳಿಯಲ್ಲ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಒಲೆ ಹಚ್ಚಿದರೆ ವಿಷ, ಆರಿಸಿದರೆ ಹಿಮ. ಈ ಎರಡರ ನಡುವೆ ಅವನು ಎರಡು ತಿಂಗಳಿಗೂ ಮಿಕ್ಕಿ ಪ್ರಾಣ ಹಿಡಿದುಕೊಂಡಿದ್ದನು. ಮುಖ್ಯ ಶಿಬಿರಕ್ಕೆ ಅವನು ಕಳಿಸುತ್ತಿದ್ದ ಸಂದೇಶಗಳು ತೊದಲತೊಡಗಿದುದರಿಂದ ಸಂಗಡಿಗರಿಗೆ ಅನುಮಾನ ಬಂದಿತು. ಅವರಲ್ಲಿ ಮೂವರು ಟ್ರ್ಯಾಕ್ಟರಿನಲ್ಲಿ ಕತ್ತಲೆಯ ಹಿಮವನ್ನು ದಾಟಿ ಆಗಸ್ಟ್ 10ರಂದು ಅವನನ್ನು ಸೇರಿದರು.

ಈ ಅನಿಲದ ಮೋಸ ಎಂಥದೆಂಬುದನ್ನು ತಿಳಿದಿರುವುದು ಲೇಸು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ. ಉರಿಯುವ ವಸ್ತುವಿಗೆ ಸಾಕಷ್ಟು ಗಾಳಿ ಸಿಕ್ಕದಿದ್ದಾಗ ಇದು ಹುಟ್ಟುತ್ತದೆ. ನಮ್ಮ ರಕ್ತದ ಕೆಂಪು ಕಣಗಳು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಅಪ್ಪಿಕೊಳ್ಳುತ್ತವೆ. ಮೊದಲು ತಲೆನೋವು, ಆಮೇಲೆ ಮಂಪರು, ಆಮೇಲೆ ಎಚ್ಚರವಾಗದ ನಿದ್ದೆ. ಡೀಸೆಲ್ ಹೊಗೆಯಲ್ಲಿ ಪೆಟ್ರೋಲಿನ ಹೊಗೆಗಿಂತ ಈ ವಿಷ ಕಡಮೆ, ನಿಜ. ಆದರೆ ಕಡಮೆಯೆಂದರೆ ಇಲ್ಲವೆಂದು ಅರ್ಥವಲ್ಲ. ಮುಚ್ಚಿದ ಕೋಣೆಯಲ್ಲಿ ದಿನಗಟ್ಟಲೆ ಇರುವವನಿಗೆ ಅಷ್ಟೂ ಹೆಚ್ಚೇ.

1950ರ ದಶಕದ ಕೊನೆಗೆ ಬರೋಣ. ಲ್ಯಾಂಡ್ ರೋವರ್ ಗಾಡಿಗೆ 1957ರಲ್ಲಿ ಡೀಸೆಲ್ ಎಂಜಿನು ಬಂದರೂ ಒಳಗೆ ಬಿಸಿ ಬೇಕೆನ್ನುವವರು ಹೀಟರಿಗೆ ಬೇರೆಯಾಗಿ ಹಣ ತೆರಬೇಕಾಗಿತ್ತು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವವನ್ನು ಮುಟ್ಟಿದ್ದು ಹೊಲ ಉಳುವ ಫರ್ಗುಸನ್ ಟ್ರ್ಯಾಕ್ಟರುಗಳಲ್ಲಿ. ಚಾಲಕನಿಗೆ ಮರೆಯೆಂದರೆ ಕ್ಯಾನ್ವಾಸ್ ಬಟ್ಟೆ. ಇದೇ ಸಮಯದಲ್ಲಿ ಸೋವಿಯತ್ ದೇಶದ ಖಾರ್ಕೋವ್ ನಗರದ ಕಾರ್ಖಾನೆಯಲ್ಲಿ ಒಂದು ದೈತ್ಯ ಗಾಡಿ ಸಿದ್ಧವಾಗುತ್ತಿತ್ತು. ಊರಿನ ಹೆಸರಿನಿಂದಲೇ ಅದಕ್ಕೆ 'ಖಾರ್ಕೋವ್‌ಚಾಂಕಾ', ಅಂದರೆ ಖಾರ್ಕೋವಿನವಳು, ಎಂದು ಹೆಸರಾಯಿತು. ಫಿರಂಗಿ ಎಳೆಯುವ ಟ್ರ್ಯಾಕ್ಟರಿನ ತಳಹದಿಯ ಮೇಲೆ ಕಟ್ಟಿದ, ಸುಮಾರು 35 ಟನ್ ತೂಗುವ, ಸರಪಳಿ ಚಕ್ರದ ಗಾಡಿಯದು. 12 ಸಿಲಿಂಡರುಗಳ ಡೀಸೆಲ್ ಎಂಜಿನು; ಎತ್ತರದ ತೆಳುಗಾಳಿಯಲ್ಲಿ ಶಕ್ತಿ ಕುಂದದಂತೆ ಅದಕ್ಕೆ ಗಾಳಿ ತುಂಬುವ ಯಂತ್ರ. ಒಳಗೆ 28 ಚದರ ಮೀಟರಿನ ಮನೆ: ಮಲಗುವ ಹಲಗೆಗಳು, ಅಡಿಗೆಯ ಮೂಲೆ, ರೇಡಿಯೋ ಕೊಠಡಿ. ಗೋಡೆಗಳ ನಡುವೆ ಕೃತಕ ನೂಲಿನ ಉಣ್ಣೆಯಂಥ ವಸ್ತುವನ್ನು ಎಂಟು ಪದರಗಳಾಗಿ ತುಂಬಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಎಂಜಿನನ್ನು ಮನೆಯ ಒಳಗೇ ಇರಿಸಿದ್ದರು. ಕೆಟ್ಟರೆ ಹಿಮಕ್ಕೆ ಇಳಿಯದೆ ಒಳಗಿನಿಂದಲೇ ರಿಪೇರಿ ಮಾಡಬಹುದು; ಅದರ ಬಿಸಿಯೂ ವ್ಯರ್ಥವಾಗದು. ಕಡಲ ತೀರದ ಮಿರ್ನಿ ನೆಲೆಯಿಂದ ವಾಸ್ತೋಕ್ ಮಾರ್ಗವಾಗಿ ಹೊರಟ ಈ ಗಾಡಿಗಳು, ಅಲೆಕ್ಸಾಂಡರ್ ದ್ರಾಲ್ಕಿನ್ ಎಂಬುವರ ಮುಂದಾಳುತನದಲ್ಲಿ, 1959ರ ಡಿಸೆಂಬರ್ 26ರಂದು ದಕ್ಷಿಣ ಧ್ರುವವನ್ನು ತಲುಪಿದವು.

ಸ್ಕಾಟನ ಕಾಲದಲ್ಲಿ ಹೊರಗುಳಿದಿದ್ದ ಬಿಸಿ ಹೀಗೆ ಕೊನೆಗೆ ಮನೆಯೊಳಗೆ ಬಂದಿತು. ಆದರೆ ಅದರ ಬೆನ್ನಿಗೇ ಹೊಗೆಯೂ ಬಂದಿತು. ಎಂಜಿನಿನ ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ಸಂದಿಗಳಿಂದ ಹೊಗೆ ಸೋರಿ ಮಲಗುವ ಕೋಣೆಗೆ ನುಸುಳುತ್ತಿತ್ತು. ಅದನ್ನು ಕಳೆಯಲು ಬಾಗಿಲು ತೆರೆದರೆ ಬಿಸಿ ಹೋಗುತ್ತದೆ. ಬಿಸಿ ಉಳಿಸಲು ಮುಚ್ಚಿದರೆ ಉಸಿರು ಕಟ್ಟುತ್ತದೆ. ಅಡ್ಮಿರಲ್ ಬರ್ಡನ ಸಂಕಟವೇ ಮತ್ತೆ ಎದುರಾಯಿತೆನ್ನಿ. ಈ ಗಾಡಿಗಳು ಆಮೇಲೂ ಅನೇಕ ವರ್ಷ ಮಿರ್ನಿಗೂ ವಾಸ್ತೋಕಿಗೂ ನಡುವಿನ ಸುಮಾರು 1,400 ಕಿಲೋಮೀಟರ್ ದಾರಿಯನ್ನು ಸವೆಸಿದವು. ಅವುಗಳಲ್ಲಿ ಬಾಳಿದವರ ಅನುಭವವನ್ನು ತಯಾರಕರು ಕೇಳಿಸಿಕೊಂಡರು. 1970ರ ದಶಕದ ನಡುವಿನಲ್ಲಿ ಎರಡನೆಯ ಮಾದರಿ ಬಂದಾಗ ಎಂಜಿನೂ ಚಾಲಕನ ಕೋಣೆಯೂ ಮುಂದುಗಡೆ ಉಳಿದವು; ವಾಸದ ಮನೆ ಹಿಂದುಗಡೆ ಬೇರೆಯಾಗಿ ನಿಂತಿತು. ಬೆಂಕಿಗೂ ಉಸಿರಿಗೂ ನಡುವೆ ಗೋಡೆ ಎದ್ದಿತು.

ಇಂದು ಚಳಿನಾಡಿನ ಡೀಸೆಲ್ ಗಾಡಿಗಳಲ್ಲಿ ಹೂಡುವ ಸ್ವತಂತ್ರ ಹೀಟರಿನ ತಿರುಳೂ ಇದೇ ಗೋಡೆ. ಅದು ಗಾಡಿಯ ತೊಟ್ಟಿಯಿಂದಲೇ ಹನಿಹನಿಯಾಗಿ ಡೀಸೆಲನ್ನು ಎಳೆದುಕೊಂಡು ಮುಚ್ಚಿದ ಲೋಹದ ಗೂಡಿನಲ್ಲಿ ಉರಿಸುತ್ತದೆ. ಉರಿಯುವುದಕ್ಕೆ ಬೇಕಾದ ಗಾಳಿ ಒಂದು ಕೊಳವೆಯಲ್ಲಿ ಹೊರಗಿನಿಂದ ಬಂದು, ಹೊಗೆಯಾಗಿ ಇನ್ನೊಂದು ಕೊಳವೆಯಲ್ಲಿ ಹೊರಕ್ಕೇ ಹೋಗುತ್ತದೆ. ಜನ ಉಸಿರಾಡುವ ಗಾಳಿ ಆ ಗೂಡಿನ ಹೊರಮೈಯನ್ನು ಸವರಿಕೊಂಡು ಬಿಸಿಯಾಗುತ್ತದೆಯೇ ಹೊರತು ಬೆಂಕಿಯನ್ನು ಮುಟ್ಟುವುದಿಲ್ಲ. ಎಂಜಿನು ನಿಂತಿದ್ದರೂ ಇದು ನಡೆಯುತ್ತದೆ. ಬೆಳಗ್ಗೆ ಎಂಜಿನಿನ ನೀರನ್ನು ಮೊದಲೇ ಕಾಯಿಸಿಕೊಡುವ ಬಗೆಯವೂ ಉಂಟು. ಆದರೂ ಗೂಡು ತುಕ್ಕು ಹಿಡಿದು ಬಿರುಕು ಬಿಟ್ಟರೆ, ಇಲ್ಲವೆ ಹೊಗೆಕೊಳವೆಗೆ ಹಿಮ ಮುಚ್ಚಿಕೊಂಡರೆ, ಹಳೆಯ ಅಪಾಯ ಮರಳಿ ಬರುತ್ತದೆ.

ಇದೆಲ್ಲ ಪರದೇಶದವರ ಕಥೆಯೆಂದು ತಿಳಿಯಬೇಡಿ. ಭಾರತದ ಮೊದಲ ಯಾತ್ರಾತಂಡ 1982ರ ಜನವರಿ 9ರಂದು ದಕ್ಷಿಣ ಧ್ರುವಖಂಡದಲ್ಲಿ ಇಳಿಯಿತು. ಅಂದಿನಿಂದ ನಮ್ಮವರೂ ಅಲ್ಲಿ ನೆಲೆಗಳನ್ನು ಕಟ್ಟಿ, ಡೀಸೆಲ್ ಹಿಮವಾಹನಗಳಲ್ಲಿ ಸಾಮಾನು ಸಾಗಿಸಿದ್ದಾರೆ. 1989-90ರ ಒಂಬತ್ತನೆಯ ಯಾತ್ರೆಯಲ್ಲಿ, ಪರ್ವತ ಪ್ರದೇಶದ ಒಂದು ಶಿಬಿರದಲ್ಲಿ, ನಮ್ಮ ನಾಲ್ವರು ಈ ಕಾರ್ಬನ್ ಮಾನಾಕ್ಸೈಡಿಗೇ ಬಲಿಯಾದರು. ಬರ್ಡ್ ಕುಸಿದು ಆಗ ಐವತ್ತೈದು ವರ್ಷಗಳಾಗಿದ್ದವು. ಆ ಅನಿಲದ ಗುಣ ಲೋಕಕ್ಕೆಲ್ಲ ತಿಳಿದಿತ್ತು. ತಿಳಿದ ಮಾತ್ರಕ್ಕೆ ಅಪಾಯ ದೂರವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆದುದರಿಂದ, ಓದುಗರೇ, ಧ್ರುವಕ್ಕೆ ಹೋಗದ ನಮಗೂ ಈ ಚರಿತ್ರೆಯಿಂದ ಕಲಿಯುವುದುಂಟು. ಮಾಗಿಯ ರಾತ್ರಿ ಕೋಣೆಯ ಕಿಟಕಿಬಾಗಿಲುಗಳನ್ನೆಲ್ಲ ಮುಚ್ಚಿ ಇದ್ದಿಲ ಅಗ್ಗಿಷ್ಟಿಕೆಯನ್ನು ಇಟ್ಟುಕೊಂಡು ಮಲಗುವುದು, ಬಾಗಿಲು ಹಾಕಿದ ಷೆಡ್ಡಿನಲ್ಲಿ ಎಂಜಿನು ನಡೆಯುತ್ತಿರುವ ಕಾರಿನೊಳಗೆ ನಿದ್ದೆ ಹೋಗುವುದು, ಇವೆರಡೂ ಬರ್ಡನ ಗುಡಿಸಲಿಗೆ ಸಮಾನ. ಬಾಣಂತಿಯ ಕೋಣೆಯಲ್ಲಿ ಬೆಂಕಿಯಿಡುವ ಮನೆಗಳವರು ಈ ಮಾತನ್ನು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ಹೊಗೆ ಕಾಣದಿದ್ದರೂ ಕೆಂಡದಿಂದ ವಿಷ ಬರುತ್ತದೆ. ಕೋಣೆ ಬೆಚ್ಚಗಾದ ಮೇಲೆ ಅಗ್ಗಿಷ್ಟಿಕೆಯನ್ನು ಹೊರಗಿಟ್ಟು, ಒಂದು ಕಿಟಕಿಯನ್ನು ತುಸು ತೆರೆದು, ಇನ್ನೊಂದು ಕಂಬಳಿ ಹೊದ್ದು ಮಲಗಿಕೊಳ್ಳಿ.